ಅಂಗಳದ ಬಟ್ಟಲು

ಇಂಡಿ ಊರಿನ ಸಂಗಣ್ಣನ ಮನೆಯಲ್ಲಿ ಅಡುಗೆಮನೆ ಒಡೆಯುವ ಮಾತು ಎದ್ದದ್ದು ಒಂದು ಚೇಳಿನಿಂದ. ಮಣ್ಣಿನ ಮಾಳಿಗೆಯ ಜಂತಿಯಿಂದ ಅದು ನೇರ ರಾಮವ್ವನ ಹಿಟ್ಟಿನ ಪರಾತಕ್ಕೆ ಬಿತ್ತು. ರಾಮವ್ವ ಇಕ್ಕಳದಿಂದ ಹಿಡಿದು ಅದನ್ನು ಒಲೆಗೆ ಹಾಕಿದಳು. ಹಿಟ್ಟನ್ನು ಎಮ್ಮೆಗೆ ಸುರಿದು, ಬೇರೆ ಹಿಟ್ಟು ನಾದಿಕೊಂಡು ರೊಟ್ಟಿ ಬಡಿದಳು. ಎಲ್ಲರೂ ಉಂಡು ಕೈ ತೊಳೆದ ಮೇಲೆ ಬಾಯಿ ತೆರೆದಳು.

"ಇವತ್ತ ಹಿಟ್ಟಿನ್ಯಾಗ ಬಿತ್ತು. ನಾಳೆ ಸೊಸಿ ಕೊಳ್ಳಾಗ ಬೀಳ್ತೈತಿ. ನನಗೊಂದು ಛಲೋ ಅಡಗಿಮನಿ ಮಾಡಿಕೊಡ್ರಿ."

"ನಮ್ಮಪ್ಪ ಕಟ್ಟಿಸಿದ ಗ್ವಾಡಿ ಅವು," ಎಂದ ಸಂಗಣ್ಣ.

"ಕಟ್ಟಿಸಿದ ಖರೆ. ಒಳಗ ಕುಂತು ಒಂದು ರೊಟ್ಟಿ ಬಡಿದಿದ್ದನೇನು?"

ಮಗ ಮುತ್ತು ನಕ್ಕ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಾರಕೂನ. ಅಪ್ಪ-ಅವ್ವನ ಜಗಳ ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೋಡೆ ಉಳಿಸಿಕೊಂಡೇ ಒಳಗಿನದನ್ನು ಹೊಸದು ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಆಗ ಸೊಸೆ ರಾಜಶ್ರೀ ಹೇಳಿದಳು, "ನನ್ನ ಗೆಳತಿ ಒಬ್ಬಾಕಿ ಅದಾಳ. ಹಳೀ ಮನಿ ಕೆಡವದಂಗ ಒಳಗ ಹೊಸದು ಮಾಡ್ತಾಳ. ಕೋಮಲ ಅಂತ."

ರಾಜಶ್ರೀ ಝಳಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಬಿಜಾಪುರದಲ್ಲಿ ಎಂ.ಎಸ್‌ಸಿ. ಓದುವಾಗ ಎರಡು ವರ್ಷ ಹಾಸ್ಟೆಲಿನಲ್ಲಿ ಕೋಮಲಳ ಜೊತೆ ಒಂದೇ ಖೋಲಿಯಲ್ಲಿದ್ದಳು. ಕೋಮಲಳ ಬಟ್ಟಲು ಯಾರೋ ಕದ್ದ ಮೇಲೆ ಇಬ್ಬರಿಗೂ ಒಂದೇ ಸ್ಟೀಲ್ ಬಟ್ಟಲು. ಅರ್ಧ ಚಹಾ ಒಬ್ಬಳು ಕುಡಿದು ಉಳಿದರ್ಧ ಇನ್ನೊಬ್ಬಳಿಗೆ ಕೊಡುತ್ತಿದ್ದಳು. ಕೋಮಲಳ ಮನೆಯ ಶೇಂಗಾ ಚಟ್ನಿಪುಡಿಯ ಡಬ್ಬಿ ಮೊದಲು ಖಾಲಿಯಾಗುತ್ತಿದ್ದದ್ದು ರಾಜಶ್ರೀಯ ಕೈಯಿಂದ. ಓದು ಮುಗಿಸಿ ಕೋಮಲ ಸೋಲಾಪುರದಲ್ಲಿ ಒಳಾಂಗಣ ವಿನ್ಯಾಸ ಕಲಿತು, ಬಿಜಾಪುರದಲ್ಲಿ ಸಣ್ಣ ಆಫೀಸು ಇಟ್ಟಿದ್ದಳು. ರಾಜಶ್ರೀ ಮದುವೆಯಾಗಿ ಇಂಡಿಗೆ ಬಂದಿದ್ದಳು.

ಬಂದ ಮೊದಲ ವಾರವೇ ಅವಳು ಈ ಮನೆಯ ಒಂದು ಪದ್ಧತಿ ಕಲಿತಳು. ಅಂಗಳದ ಕಡೆಗಿರುವ ಅಡುಗೆಮನೆಯ ಗೋಡೆಯಲ್ಲಿ, ಹೊರಮೈಗೆ, ದೀಪದ ಗೂಡಿನಂಥ ಒಂದು ಮಾಡ. ಅದರೊಳಗೆ ಬೋರಲು ಹಾಕಿದ ಒಂದು ಬಟ್ಟಲು, ಒಂದು ತಾಟು. ಕೊಟ್ಟಿಗೆ ಸಗಣಿ ತೆಗೆಯಲು ಬರುವ ಸಾವಿತ್ರವ್ವ ಕೆಲಸ ಮುಗಿಸಿ ಬಟ್ಟಲನ್ನು ತಾನೇ ತೆಗೆದು ತೊಳೆದು ಮುಂದೆ ಹಿಡಿಯುತ್ತಾಳೆ. ಮನೆಯವರು ಒಂದು ಗೇಣು ಮೇಲಿನಿಂದ ಚಹಾ ಸುರಿಯುತ್ತಾರೆ. ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಅವಳು ಹೋಗುತ್ತಾಳೆ. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಮೊದಲ ದಿನ ರಾಜಶ್ರೀ ಹಾಕಿದ ಚಹಾ ಅರ್ಧ ನೆಲಕ್ಕೆ ಚೆಲ್ಲಿತು. ನಾಲ್ಕು ವರ್ಷದಲ್ಲಿ ಒಂದು ಹನಿಯೂ ಚೆಲ್ಲದಂತೆ ಹಾಕುವುದು ಬಂದಿತ್ತು.

ಭಾನುವಾರ ಕೋಮಲ ಬಂದಳು. ಕೈಯಲ್ಲಿ ಫೈಲು, ಚೀಲದಲ್ಲಿ ಅಳತೆಯ ಟೇಪು. ರಾಮವ್ವ ನೀರು ಕೊಟ್ಟು ಪಕ್ಕದಲ್ಲಿ ಕೂತಳು.

"ಯಾವೂರ ತಂಗಿ ನಿಮ್ಮದು? ಯಾರ ಪೈಕಿ?"

"ಮೂಲ ದೇವರ ಹಿಪ್ಪರಗಿ ರೀ. ನಾವು..."

"ಅವರಪ್ಪ ಮಾಸ್ತರಿದ್ರು ಅತ್ತಿ," ಎಂದು ರಾಜಶ್ರೀ ನಡುವೆ ಬಾಯಿ ಹಾಕಿದಳು. "ಈಗ ಬಿಜಾಪುರದಾಗ ಇರ್ತಾರ."

"ಮಾಸ್ತರಂದ್ರ ಛಲೋ ಆತು. ನಮ್ಮಂಥವರ ಹಂಗಾದ್ರ?"

"ಹೂಂರಿ. ನಮ್ಮಂಥವರ."

ರಾಮವ್ವ ಕೇಳಿದ್ದು ಜಾತಿ ಎಂಬುದು ಮೂವರಿಗೂ ಗೊತ್ತಿತ್ತು, ರಾಜಶ್ರೀ ಹೇಳಿದ್ದು ಸುಳ್ಳೆಂಬುದು ಇಬ್ಬರಿಗೆ. ಕೋಮಲಳ ಬಾಯಿ ಅರೆ ತೆರೆದೇ ಇತ್ತು. ಒಂದು ಗಳಿಗೆ ಅವಳು ಗೆಳತಿಯನ್ನು ನೋಡಿದಳು. ಆಮೇಲೆ ಟೇಪು ಎಳೆದುಕೊಂಡು ಎದ್ದಳು.

ಅವಳ ಕೆಲಸದ ರೀತಿ ಮನೆಯವರಿಗೆ ಹೊಸದು. ಗೋಡೆ ಅಳೆಯುವ ಮೊದಲು ರಾಮವ್ವನನ್ನೇ ಅಳೆದಳು. "ನೀವು ಕುಂತ ರೊಟ್ಟಿ ಬಡೀತೀರಲ್ರಿ ಅವ್ವಾ? ಕುಂದರ್ರಿ ನೋಡೋಣ." ನೆಲದಿಂದ ಮೊಣಕೈಗೆ ಎಷ್ಟು, ಮೊಣಕಾಲು ಎಷ್ಟು ಮುಂದೆ ಬರುತ್ತದೆ, ಕೈ ಎಲ್ಲಿಯವರೆಗೆ ಚಾಚುತ್ತದೆ. ರಾಮವ್ವನ ತೋಳನ್ನು ಹಿಡಿದು, ಮಣಿಕಟ್ಟನ್ನು ಮಡಚಿ, ಬರೆದುಕೊಂಡಳು.

"ಎಲ್ಲಾರೂ ನಿಂತು ಅಡಗಿ ಮಾಡೂ ಕಟ್ಟಿ ಹಾಕ್ತಾರ್ರಿ. ನಿಮಗ ಒಂದು ಕಡೆ ತಗ್ಗಿನ ಕಟ್ಟಿ ಮಾಡ್ತೇನಿ. ಕುಂತು ಬಡೀರಿ. ಸೊಸಿ ನಿಂತು ಒಗ್ಗರಣಿ ಹಾಕ್ಲಿ."

"ನೋಡ್ರಿ," ಎಂದು ರಾಮವ್ವ ಗಂಡನಿಗೆ ಕೇಳಿಸುವಂತೆ ಹೇಳಿದಳು, "ನಲವತ್ತು ವರ್ಷದಾಗ ನನ್ನ ಮೊಣಕಾಲು ಎಲ್ಲಿ ಬರ್ತಾವ ಅಂತ ಯಾರರೆ ಕೇಳ್ಯಾರೇನು?"

ಮಧ್ಯಾಹ್ನ ಕೋಮಲಳನ್ನು ಒಳಗೆ, ಒಲೆಯ ಮುಂದೆ ಕೂಡಿಸಿ ಬಡಿಸಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು. ರಾಮವ್ವ ಕೈ ಹಿಡಿದು ಇನ್ನೊಂದು ರೊಟ್ಟಿ ಹಾಕಲು ಬಂದರೆ ಕೋಮಲ ತಾಟಿನ ಮೇಲೆ ಅಂಗೈ ಅಡ್ಡ ಇಟ್ಟಳು. ಹಾಸ್ಟೆಲಿನಲ್ಲಿ ನಾಲ್ಕು ರೊಟ್ಟಿ ತಿನ್ನುತ್ತಿದ್ದ ಹುಡುಗಿ ಒಂದೇ ತಿಂದು ಎದ್ದಳು. ರಾಜಶ್ರೀ ಎಣಿಸಿದಳು.

ಮುಂದಿನ ಭಾನುವಾರ ಪಾತ್ರೆಗಳ ಸರದಿ. "ಭಾಂಡೆ ನೋಡದ ಕಪಾಟು ಹಾಕಬಾರದ್ರಿ. ಎಲ್ಲಾ ಹೊರಗ ತರ್ರಿ," ಎಂದು ಕೋಮಲ ಅಂಗಳದಲ್ಲಿ ಚಾಪೆ ಹಾಸಿಸಿದಳು. ರಾಮವ್ವನಿಗೆ ಅದೊಂದು ಹಬ್ಬವೇ ಆಯಿತು. ತವರಿನ ತಾಮ್ರದ ಕೊಡ, ಮದುವೆಯಲ್ಲಿ ಬಂದ ಹಿತ್ತಾಳೆ ಹರಿವಾಣ, ಮೊಮ್ಮಕ್ಕಳು ಬರಲಿ ಎಂದು ಇಟ್ಟ ಸಣ್ಣ ಬಟ್ಟಲುಗಳು. ಪ್ರತಿಯೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು. ಒಂದೊಂದಕ್ಕೂ ಒಂದೊಂದು ಕಥೆ. ಕೋಮಲ ಎತ್ತರ, ಅಗಲ ಬರೆದುಕೊಂಡು, ಯಾವುದು ದಿನಾ ಬೇಕು, ಯಾವುದು ವರ್ಷಕ್ಕೊಮ್ಮೆ ಎಂದು ಕೇಳಿ ಬೇರೆ ಬೇರೆ ಸಾಲು ಮಾಡಿದಳು.

ಕೊನೆಗೆ ಗೋಡೆಯ ಮಾಡ ಅವಳ ಕಣ್ಣಿಗೆ ಬಿತ್ತು. ಹೋಗಿ ಬಟ್ಟಲು ತೆಗೆದು ತಿರುಗಿಸಿ ನೋಡಿದಳು. ಅದರ ಮೇಲೆ ಹೆಸರಿರಲಿಲ್ಲ.

"ಇವು ಬರೀಲಿಲ್ಲಲ್ರಿ. ಇವನ್ನ ಎಲ್ಲಿ ಇಡೂದ್ರಿ ಅವ್ವಾ?"

"ಅವು ಒಳಗಿನವಲ್ಲ ತಂಗಿ. ಹೊರಗಿನವರಿಗೆ. ಅಲ್ಲೇ ಇರ್ಲಿ. ಕೈ ತೊಳ್ಕೋ."

ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಸಾವಿತ್ರವ್ವ ಖಾಲಿ ಬುಟ್ಟಿ ಹಿಡಿದು ಬಂದಳು. ಚಾಪೆಯ ಮೇಲಿನ ಪಾತ್ರೆಗಳ ಸಂತೆ ನೋಡಿ ನಗುತ್ತ, "ಏನವ್ವಾರ, ಭಾಂಡೆ ಅಂಗಡಿ ಹಾಕೀರೇನು?" ಎಂದವಳು ಕೋಮಲಳನ್ನು ಕಂಡು ನಿಂತುಬಿಟ್ಟಳು. "ಅಯ್ಯ, ನೀ..." ಎಂದಳು. ಕೋಮಲ ಬಟ್ಟಲು ಹಿಡಿದುಕೊಂಡೇ ತಲೆ ಎತ್ತಿದಳು. ಸಾವಿತ್ರವ್ವ ರಾಜಶ್ರೀಯ ಮುಖ ನೋಡಿದಳು. ಮಾತು ಅಲ್ಲಿಗೇ ನುಂಗಿದಳು.

"ಯಾರಂತ ತಿಳದ್ಯೋ?" ಎಂದಳು ರಾಮವ್ವ.

"ಯಾರೋ ಪ್ಯಾಟಿಯವರು ಅಂದ್ಕೊಂಡೆ ನೋಡ್ರಿ," ಎಂದು ಸಾವಿತ್ರವ್ವ ಕೈ ಮುಂದೆ ಮಾಡಿದಳು. ಕೋಮಲ ಬಟ್ಟಲನ್ನು ಅವಳ ಕೈಗೇ ಕೊಟ್ಟಳು.

ರಾಜಶ್ರೀ ಚಹಾದ ಪಾತ್ರೆ ತಂದಳು. ಜಗಲಿಯ ಮೇಲೆ ಅತ್ತೆಯ ಪಕ್ಕ ಕೂತ ಕೋಮಲಳಿಗೆ ಕಪ್ಪು-ಬಸಿಯಲ್ಲಿ ಕೊಟ್ಟಳು. ಆಮೇಲೆ ಅಂಗಳಕ್ಕಿಳಿದು, ಒಂದು ಗೇಣು ಮೇಲಿನಿಂದ, ಸಾವಿತ್ರವ್ವನ ಬಟ್ಟಲಿಗೆ ಸುರಿದಳು. ಕೋಮಲ ನೋಡುತ್ತಿದ್ದಾಳೆಂದು ಬೆನ್ನಿಗೆ ತಿಳಿಯುತ್ತಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ಚೆಲ್ಲಿದ್ದರೆ ಚೆನ್ನಾಗಿತ್ತು ಎನಿಸಿತು.

ನಲ್ಲಿಯ ಹತ್ತಿರ ಸಾವಿತ್ರವ್ವ ಮೆಲ್ಲಗೆ ಹೇಳಿದಳು, "ಹೆದರಬ್ಯಾಡ್ರಿ ಅಕ್ಕಾರ. ಅಕೀ ನಮ್ಮ ಭೀಮಶ್ಯಾ ಅಣ್ಣನ ಮಗಳು. ಸಣ್ಣಾಕಿದ್ದಾಗ ಎತ್ತಿ ಆಡಿಸೇನಿ. ನಾ ಹೇಳೂದಿಲ್ಲ. ನಮ್ಮ ಹುಡುಗಿ ಮ್ಯಾಲೆ ಕುಂತು ಚಾ ಕುಡಿಯಾಕತ್ತೈತಿ. ನಾ ಯಾಕ ಕೆಡಸ್ಲಿ?"

ರಾಜಶ್ರೀಗೆ ಅವಳ ಮುಖ ನೋಡಲಾಗಲಿಲ್ಲ. ನಲ್ಲಿ ತಿರುಗಿಸಿದಳು, ಮತ್ತೆ ತಿರುಗಿಸಿದಳು. ನೀರು ಬಂದಿರಲಿಲ್ಲ.

ಊಟಕ್ಕೆ ಎಬ್ಬಿಸಿದರೆ ಕೋಮಲ ಉಪವಾಸ ಎಂದಳು. ಬಸ್ ಸ್ಟ್ಯಾಂಡಿನವರೆಗೆ ರಾಜಶ್ರೀ ಕಳಿಸಲು ಹೋದಳು. ನಿಂಬೆಕಾಯಿ ಚೀಲ ತುಂಬಿದ ಟೆಂಪೊ ಒಂದು ದಾರಿಗೆ ಅಡ್ಡ ನಿಂತಿತ್ತು. ಇಬ್ಬರೂ ಅದು ಸರಿಯುವುದನ್ನೇ ಕಾಯುವವರಂತೆ ನಿಂತರು.

"ನಮ್ಮಪ್ಪ ಸತ್ತರೂ ಕುಲ ಮುಚ್ಚಿಡಾವಲ್ಲ," ಎಂದಳು ಕೋಮಲ. "ಮನಿ ಮುಂದ ಬುದ್ಧನ ಫೋಟೊ ಹಾಕ್ಯಾನ. ನನಗ ಹೇಳಾಕ ನಾಚಿಕಿಲ್ಲ. ನೀ ಯಾಕ ನಾಚಿದಿ?"

"ಕೆಲಸ ಕೆಡ್ತೈತಿ ಅಂತ..."

"ಯಾರ ಕೆಲಸ?"

ರಾಜಶ್ರೀ ಟೆಂಪೊದ ಕಡೆ ನೋಡಿದಳು.

"ಡ್ರಾಯಿಂಗ್ ಕಳಸ್ತೇನಿ. ಗೌಂಡಿಗೆ ಫೋನಿನ್ಯಾಗ ಎಲ್ಲಾ ತಿಳಿಸಿ ಹೇಳ್ತೇನಿ. ಕೆಲಸಾ ಅರ್ಧಾ ಬಿಡಾಕಿ ಅಲ್ಲ ನಾ. ಆದ್ರ ಮನಿಗೆ ಬರಂಗಿಲ್ಲ. ನಿಮ್ಮತ್ತಿಗೆ ಖರೆ ಹೇಳು ರಾಜಿ. ಹೇಳಿದ ಮ್ಯಾಲೂ ಅವರು ಕರದ್ರ ಬರ್ತೇನಿ. ನಿನ್ನ ಮದವಿಗೆ ಬಂದಾಕಿ, ಇದಕ್ಕ ಬರೂದಿಲ್ಲೇನು?"

ಬಸ್ಸು ಹತ್ತುವಾಗ ಅವಳು ಹಿಂದಿರುಗಿ ನೋಡಲಿಲ್ಲ.

ರಾಜಶ್ರೀ ಮೊದಲು ಗಂಡನಿಗೆ ಹೇಳಿದಳು. ಮುತ್ತು ಹಲ್ಲು ತಿಕ್ಕುತ್ತಿದ್ದ. ನೊರೆ ಉಗುಳಿ, "ನನಗ ಗೊತ್ತೈತಿ. ಮದವ್ಯಾಗ ಅವರಪ್ಪನ್ನ ಮಾತಾಡಿಸಿದ್ದೆ, ಅವರ ಹೇಳಿದ್ರು," ಎಂದ.

"ಗೊತ್ತಿದ್ದೂ ಸುಮ್ಮ ಕುಂತಿರೇನು?"

"ನೀ ಹೇಳಿದಿ, ನಾ ಸುಮ್ಮಿದ್ದೆ. ಈಗ ಬಿಚ್ಚಿ ಹೇಳಿದ್ರ ಅವ್ವ ಅಡಗಿಮನಿ ಕೆಲಸಾನ ನಿಂದರಸ್ತಾಳ. ಚೇಳು ಬೀಳೂ ಅಡಗಿಮನಿ ಇಟ್ಕೊಂಡು ಹೆಂಗ ಉಣ್ಣೂದು? ಮುಗೀಲಿ. ಆಮ್ಯಾಲೆ ನೋಡೋಣ."

"ಆಮ್ಯಾಲೆ ಅಂದ್ರ?"

"ಆಮ್ಯಾಲೆ ಅಂದ್ರ ಆಮ್ಯಾಲೆ. ನಿಮ್ಮ ಗಣಿತದವರಿಗೆ ಎಲ್ಲಾನೂ ಲೆಕ್ಕದ ಸಾಲಿನ್ಯಾಗ ಬರೀಬೇಕು."

ಅಡುಗೆ ಪಡಸಾಲೆಗೆ ಬಂತು. ಗೌಂಡಿ ಫಯಾಜ ಹಳೆಯ ಒಲೆ ಕಿತ್ತು, ಜಂತಿಗಳ ಮಸಿ ಕೆರೆದು, ಮಾಳಿಗೆಯ ಕೆಳಗೆ ಹಲಗೆ ಹೊಡೆಸಿದ. ಎಲ್ಲರ ತಾಟಿನಲ್ಲೂ ಧೂಳು. ಸಂಗಣ್ಣ ಮಜ್ಜಿಗೆಯಲ್ಲಿ ಮಣ್ಣು ಸಿಕ್ಕಿತೆಂದು ಸಿಡಿಮಿಡಿಗುಟ್ಟಿದರೆ ರಾಮವ್ವ, "ನಿಮ್ಮಪ್ಪನ ಗ್ವಾಡೀದ, ಸುಮ್ಮ ಕುಡೀರಿ," ಎಂದಳು.

ಕೋಮಲಳ ನಕ್ಷೆ ಬಂತು. ಪ್ರತಿ ಕಪಾಟಿನ ಮೇಲೂ ದುಂಡಗಿನ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿದ್ದಳು: ಇಲ್ಲಿ ತಾಮ್ರದ ಕೊಡ, ಇಲ್ಲಿ ಹರಿವಾಣ, ಇಲ್ಲಿ ರೊಟ್ಟಿ ಬುಟ್ಟಿ. ಓದಲು ಬಾರದ ರಾಮವ್ವ ಸೊಸೆಯಿಂದ ದಿನಾ ಒಮ್ಮೆ ಓದಿಸಿಕೊಂಡಳು.

"ಆ ಹುಡುಗಿ ಯಾಕ ಬರವಲ್ಲಳು?"

"ಸೋಲಾಪುರದಾಗ ಕೆಲಸ ಐತಂತ್ರಿ."

ಮುಂದಿನ ವಾರ ಮತ್ತೆ ಕೇಳಿದಾಗ ರಾಜಶ್ರೀ, "ಜ್ವರ ಬಂದಾವಂತ್ರಿ," ಎಂದಳು. ರಾಮವ್ವ ಎದ್ದು ಹೋಗಿ ನಿಂಬೆಯ ಉಪ್ಪಿನಕಾಯಿ ಬಾಟಲಿ ತುಂಬಿ, ಬಾಯಿಗೆ ಅರಿವೆ ಕಟ್ಟಿ ತಂದಳು. "ಜ್ವರದ ಬಾಯಿಗೆ ರುಚಿ ಇರೂದಿಲ್ಲ. ಬಿಜಾಪುರಕ್ಕ ಹೋಗವರ ಕೈಯಾಗ ಕಳಸು."

ಬಾಟಲಿ ಚೀಲದಲ್ಲಿ ಝಳಕಿಗೆ ಹೋಯಿತು. ಶಾಲೆಯ ಕಪಾಟಿನಲ್ಲಿ ಸುಣ್ಣದ ಕಡ್ಡಿ ಡಬ್ಬಿಗಳ ಹಿಂದೆ ಕೂತಿತು. ಜೊತೆಯ ಶಿಕ್ಷಕಿ ಸಗೀರಾ ಒಂದು ದಿನ, "ಬಾಯಾರ, ಎಣ್ಣಿ ಇಳ್ಯಾಕತ್ತೈತಿ, ಯಾರದಿದು?" ಎಂದು ಕೇಳಿದರೆ ರಾಜಶ್ರೀ ಕೇಳಿಸದವಳಂತೆ ಹಾಜರಿ ಪುಸ್ತಕ ತಿರುವಿದಳು. ಸಂಜೆ ಮನೆಗೆ ಬಂದರೆ ಅತ್ತೆಯ ಪ್ರಶ್ನೆ ಕಾಯುತ್ತಿತ್ತು. "ಮುಟ್ಟಿತೇನು? ಏನಂದ್ಲು?"

"ಭಾಳ ರುಚಿ ಐತಿ ಅಂದ್ಲ್ರಿ."

ಐದನೆಯ ವಾರ ತಗ್ಗಿನ ಕಟ್ಟೆ ತಯಾರಾಯಿತು. ಫಯಾಜ ಕರಿ ಕಲ್ಲು ಕೂಡಿಸಿ ಒರೆಸಿ, "ಕುಂತು ನೋಡ್ರಿ ಅವ್ವಾರ," ಎಂದ. ರಾಮವ್ವ ಕೂತಳು. ಮೊಣಕಾಲು ಕಟ್ಟೆಯ ಕೆಳಗಿನ ಖಾಲಿ ಜಾಗದೊಳಗೆ ಸರಿಯಾಗಿ ಹೋಯಿತು, ಮೊಣಕೈ ಕಲ್ಲಿನ ಮೇಲೆ ಬಂದು ನಿಂತಿತು. ಎರಡು ಸಲ ಬರಿಗೈಯಿಂದ ರೊಟ್ಟಿ ಬಡಿದಂತೆ ಮಾಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗುರುವಾರ ಹಾಲು ಉಕ್ಕಸೋಣ. ಆ ಹುಡುಗಿಗೆ ಇದ ಕಟ್ಟಿ ಮುಂದ ಕುಂದರಿಸಿ ಉಡಿ ತುಂಬತೇನಿ. ಇಳಕಲ್ ಕುಬಸ ತಗದಿಟ್ಟೇನಿ. ಈಗ ಫೋನ್ ಮಾಡು ರಾಜಶ್ರೀ."

ಫಯಾಜ ನಕ್ಷೆ ಹಿಡಿದು ಕೆಮ್ಮಿದ. "ಅಕ್ಕಾರ, ಅಂಗಳದ ಕಡೆ ಒಂದು ಉಳದೈತ್ರಿ. ಹೊರಗಿನ ಮಾಡ ಮುಚ್ಚೂದೋ ಬಿಡೂದೋ ಗೊತ್ತಾಗವಲ್ದು. ಮ್ಯಾಡಂ ಏನೂ ಬರದಿಲ್ಲ. ಫೋನಿನ್ಯಾಗ ಕೇಳಿದ್ರ, ಮನಿಯವರನ್ನ ಕೇಳು ಅಂದ್ರು."

"ಅದಕ್ಕೇನು ಕೇಳೂದು? ಬಿಡು, ಇರ್ಲಿ," ಎಂದಳು ರಾಮವ್ವ.

ರಾಜಶ್ರೀಗೆ ತನ್ನ ದನಿ ತನಗೇ ಬೇರೆಯವರದ್ದಾಗಿ ಕೇಳಿಸಿತು. "ಅತ್ತಿ, ಕೋಮಲ ಸಾವಿತ್ರವ್ವನ ಪೈಕಿ. ಸಾವಿತ್ರವ್ವಗ ಅಣ್ಣನ ಮಗಳಾಗಬೇಕು."

ಬಾಗಿಲಲ್ಲಿದ್ದ ಮುತ್ತು, "ಅವ್ವಾ, ಅದೇನಂದ್ರ..." ಎಂದು ಶುರುಮಾಡಿದ.

"ನೀ ಸುಮ್ಮಿರು." ರಾಮವ್ವ ಸೊಸೆಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮಂಥವರು ಅಂದಿ. ಅಕೀನ ಹಂಗ ಹೇಳು ಅಂದಿದ್ಲೇನು?"

"ಇಲ್ರಿ. ಅಕೀ ಖರೆ ಹೇಳಾಕ ಬಾಯಿ ತಗದಿದ್ಲು. ನಾ ಮುಚ್ಚಿಸಿದೆ."

"ಸೋಲಾಪುರ? ಜ್ವರ?"

"ಸುಳ್ಳ್ರಿ."

"ಉಪ್ಪಿನಕಾಯಿ?"

"ಸಾಲ್ಯಾಗ ಐತ್ರಿ."

ಫಯಾಜ ಕರಣಿ ತೊಳೆಯುವ ನೆಪದಲ್ಲಿ ಹೊರಗೆ ಹೋದ. ರಾಮವ್ವ ಕರಿ ಕಲ್ಲಿನ ಮೇಲೆ ಕೈ ಊರಿ ಎದ್ದಳು. "ಹಂಗಾದ್ರ ಸುಳ್ಳು ಅಕೀದಲ್ಲ. ನಮ್ಮ ಮನ್ಯಾಂದು," ಎಂದಷ್ಟೇ ಹೇಳಿ ಪಡಸಾಲೆಗೆ ಹೋದಳು.

ಎರಡು ದಿನ ಅವಳು ಸೊಸೆಯೊಡನೆ ಮಾತಾಡಲಿಲ್ಲ. ತಾಟು ಸರಿಸುತ್ತಿದ್ದಳು, ಪಲ್ಯ ಹಾಕುತ್ತಿದ್ದಳು, ಅಷ್ಟೇ. ಸಂಗಣ್ಣನೇ ಉಣ್ಣುವಾಗ ಯಾರಿಗೋ ಹೇಳುವಂತೆ ಹೇಳಿದ, "ನಾ ಕುರಿ ಕಾಯೂ ಮುಂದ ಗೌಡ್ರ ಮನ್ಯಾಗ ನನಗೂ ಕಟ್ಟಿ ಕೆಳಗ ಕುಂದರಿಸಿ ನೀರು ಹಾಕ್ತಿದ್ರು. ಬೊಗಸಿ ಹಿಡದು ಕುಡೀತಿದ್ದೆ."

"ಮತ್ತ ನೀವು ಆ ಮಾಡಾ ಯಾಕ ಮುಚ್ಚಲಿಲ್ಲ?" ಎಂದಳು ರಾಮವ್ವ.

ಸಂಗಣ್ಣ ರೊಟ್ಟಿ ಮುರಿದ.

ಮಂಗಳವಾರ ಸಂಜೆ ರಾಮವ್ವ ಬಂದು ಸೊಸೆಯ ಮುಂದೆ ನಿಂತಳು. "ಫೋನ್ ಹಚ್ಚು. ನಾ ಕರದೇನಿ ಅಂತ ಹೇಳು. ನನ್ನ ಮೊಣಕಾಲು ಅಳದ ಹುಡುಗಿ. ಉಡಿ ತುಂಬಾಕ ನನಗೇನೂ ಅಡ್ಡಿ ಇಲ್ಲ."

"ಮತ್ತ ಆ ಮಾಡ, ಅತ್ತಿ?"

"ಅದು ಬ್ಯಾರೆ. ಸಾವಿತ್ರಿ ದಿನಾ ಬರಾಕಿ, ಸಗಣಿ ಕೈ. ಅಕೀ ಓದಿದಾಕಿ. ಎರಡೂ ಒಂದು ಮಾಡಬ್ಯಾಡ."

ಓದು ಬಾರದ ಅತ್ತೆ ಎರಡು ದಿನದಲ್ಲಿ ಅರ್ಧ ದಾರಿ ನಡೆದು ಬಂದಿದ್ದಳು. ಓದಿದ ತಾನು ಐದು ವಾರ ಎಲ್ಲಿ ನಿಂತಿದ್ದೆ ಎಂಬುದು ರಾಜಶ್ರೀಗೆ ಕಾಣುತ್ತಿತ್ತು. ಅಂಗಳಕ್ಕೆ ಹೋಗಿ ಫಯಾಜನಿಗೆ, "ಮುಚ್ಚು," ಎಂದಳು. ಅವನು ರಾಮವ್ವನ ಕಡೆ ನೋಡಿದ. ರಾಮವ್ವ ಮುಖ ತಿರುಗಿಸಿ ಎಮ್ಮೆಗೆ ಹುಲ್ಲು ಹಾಕಲು ಹೋದಳು. ಬೇಡ ಎನ್ನಲಿಲ್ಲ. ನಾಲ್ಕು ಇಟ್ಟಿಗೆಯ ಕೆಲಸ. ಹೊತ್ತು ಮುಳುಗುವುದರೊಳಗೆ ಮುಗಿಯಿತು.

ರಾಜಶ್ರೀ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

"ಬರ್ತೇನಿ," ಎಂದಳು ಕೋಮಲ. "ಹೇಳಿದ ಮಾತು. ಆದ್ರ ನಾ ಕಟ್ಟಿ ಮುಂದ ಕುಂತಾಗ ನಮ್ಮ ಸಾವಿತ್ರತ್ತಿ ಎಲ್ಲಿರ್ತಾಳ?"

"ಒಳಗ ಕರೀತೇನಿ."

"ನೋಡೋಣ," ಎಂದಳು ಕೋಮಲ.

ಬುಧವಾರ ಬೆಳಿಗ್ಗೆ ಕೊಟ್ಟಿಗೆಯ ಕೆಲಸ ಮುಗಿಸಿ, ಕೈಕಾಲು ತೊಳೆದು, ಸಾವಿತ್ರವ್ವ ಗೋಡೆಯ ಹತ್ತಿರ ಬಂದಳು. ಮಾಡ ಮುಚ್ಚಿದ ಹಸಿ ಗಿಲಾಯಿ ನೋಡಿ ಅದರ ಮೇಲೆ ಬೆರಳಾಡಿಸಿದಳು. "ನನ್ನ ಬಟ್ಟಲಾ?"

"ಅದನ್ನ ತಗದೇವಿ. ಒಳಗ ಬಾ ಸಾವಿತ್ರವ್ವ."

ಅವಳು ಹೊಸ ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತಳು. ಒಳಗೆ ತಗ್ಗಿನ ಕಟ್ಟೆಯ ಮುಂದೆ ರಾಮವ್ವ ಬಾಗಿಲಿಗೆ ಬೆನ್ನು ಮಾಡಿ ಕೂತು, ಕಲ್ಲು ಪಳಗಲೆಂದು ಮೊದಲ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ರಾಜಶ್ರೀ ಕಪಾಟಿನಿಂದ ಮನೆಯ ಬಟ್ಟಲೊಂದನ್ನು ತೆಗೆದು ಕೊಟ್ಟಳು. ಅದರ ಮೇಲೆ ಸಂಗಣ್ಣನ ಹೆಸರಿತ್ತು. ಚಹಾದ ಪಾತ್ರೆ ಎತ್ತಿದಳು.

ಕೈ ತಾನಾಗಿಯೇ ಒಂದು ಗೇಣು ಮೇಲೆ ಹೋಗಿತ್ತು. ಅದು ಕಂಡ ಕೂಡಲೇ ಇಳಿಸಿದಳು. ಅವಳು ಇಳಿಸಿದಷ್ಟೇ ಸಾವಿತ್ರವ್ವನೂ ಬಟ್ಟಲನ್ನು ಕೆಳಗಿಳಿಸಿದಳು. ನಡುವಿನ ಗೇಣು ಹಾಗೆಯೇ ಉಳಿಯಿತು.

"ಹಾಕ್ರಿ ಅಕ್ಕಾರ. ಆರ್ತೈತಿ."

ಸಾವಿತ್ರವ್ವ ನಿಂತೇ ಕುಡಿದಳು. ನಲ್ಲಿಗೆ ಹೋಗಿ ಬಟ್ಟಲು ತೊಳೆದು, ವಾಡಿಕೆಯಂತೆ ಗೋಡೆಯ ಕಡೆ ಹೆಜ್ಜೆ ಹಾಕಿ, ಅಲ್ಲಿ ಏನೂ ಇಲ್ಲದ್ದು ನೆನಪಾಗಿ ಹೊಸ್ತಿಲಿಗೆ ಮರಳಿ ಬಂದಳು. ಬಟ್ಟಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಎಲ್ಲಿ ಇಡ್ಲ್ರಿ?"

ರೊಟ್ಟಿಯ ಸಪ್ಪಳ ನಿಂತಿತು.

ರಾಜಶ್ರೀ ಬಟ್ಟಲಿಗೆ ಕೈ ಚಾಚಿದಳು. ಆದರೆ ಚಾಚುವ ಮೊದಲು ಒಮ್ಮೆ ಹಿಂದಿರುಗಿ ಅತ್ತೆಯ ಬೆನ್ನನ್ನು ನೋಡಿದ್ದಳು. ಅದನ್ನು ಸಾವಿತ್ರವ್ವ ಕಂಡಿದ್ದಳು.